ಹೊಟ್ಟೆ ತುಂಬಿದ ಪ್ರಾಣಿ

ನನ್ನ ಕೈಬರಹ ದುಂಡಗಿದೆ ಎಂಬ ಜಂಬ ನನಗೆ ಹೈಸ್ಕೂಲಿನಿಂದಲೇ ಅಂಟಿಕೊಂಡದ್ದು. ಮದುವೆಯಾಗಿ ದಾವಣಗೆರೆಯ ಪಿ.ಜೆ. ಬಡಾವಣೆಗೆ ಬಂದ ಮೇಲೂ ಬೀದಿಯ ಗಣಪತಿ ಪೆಂಡಾಲಿನ ಬೋರ್ಡು, ನೆಂಟರ ಲಗ್ನಪತ್ರಿಕೆಯ ಮೇಲಿನ ಹೆಸರುಗಳು, ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಶಾಲೆಯಲ್ಲಂತೂ ಕೇಳುವುದೇ ಬೇಡ. ಗೋಡೆಯ ಮೇಲಿನ ಚಾರ್ಟುಗಳೆಲ್ಲ ನನ್ನವೇ. ಇನ್ನೊಬ್ಬರ ಅಕ್ಷರ ಸೊಟ್ಟಗೆ ಕಂಡರೆ ನನ್ನ ಕೈ ತುರಿಸುತ್ತಿತ್ತು, ಪೆನ್ನು ಕಿತ್ತುಕೊಂಡು ತಿದ್ದುತ್ತಿದ್ದೆ. ಆ ಚಟದಿಂದ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ. ಇದನ್ನು ಚೆಂದ ಮಾಡುವ ಆಸೆ ನನಗಿಲ್ಲ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಿಗ್ಗೆ ದಾವಣಗೆರೆಯಿಂದ ಬಸ್ಸಿನಲ್ಲಿ ಹರಿಹರಕ್ಕೆ, ಅಲ್ಲಿಂದ ಗುತ್ತೂರಿನ ಕಡೆ ಹೋಗುವ ಆಟೋದಲ್ಲಿ ಇನ್ನಿಬ್ಬರ ನಡುವೆ ಸಿಕ್ಕಿಕೊಂಡು ಶಾಲೆಗೆ. ಮಕ್ಕಳ ಅಪ್ಪಂದಿರಲ್ಲಿ ಅರ್ಧ ಜನ ಕಾರ್ಖಾನೆಗೆ ಹೋಗುವವರು, ಅರ್ಧ ಜನ ಹೊಲಕ್ಕೆ. ಆ ವರ್ಷ ನನಗೆ ಮೂರನೇ ತರಗತಿ ಸಿಕ್ಕಿತ್ತು. ಹನ್ನೊಂದು ಮಕ್ಕಳು. ಬಾಯಿ ಬಿಟ್ಟರೆ ಮುಚ್ಚದವರು ಹತ್ತು, ಬಾಯಿಯೇ ಬಿಡದವಳು ಒಬ್ಬಳು.

ಜೂನ್ ತಿಂಗಳಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಮಕ್ಕಳಿಗೆ ಕಥೆ ಕಟ್ಟುವುದನ್ನು ಕಲಿಸಲು ಒಂದು ದಾರಿ ಹೇಳಿಕೊಟ್ಟರು. ಎಲ್ಲರೂ ಸೇರಿ ಲೋಕದಲ್ಲಿ ಇಲ್ಲದ ಒಂದು ಪ್ರಾಣಿಯನ್ನು ಮಾಡಬೇಕು. ಒಬ್ಬೊಬ್ಬರು ಒಂದೊಂದು ಅಂಗ ತರಬೇಕು. ಯಾರು ಯಾವ ಅಂಗ ತಂದರೋ ಅವರೇ ಅದರ ಕಥೆ ಹೇಳಬೇಕು. ತರಬೇತಿಗಳಲ್ಲಿ ನಾನು ಸಾಮಾನ್ಯವಾಗಿ ತೂಕಡಿಸುವವಳು. ಇದು ಮಾತ್ರ ನನಗೆ ಹಿಡಿಸಿತು. ಅಲ್ಲದೆ ಶ್ರಾವಣದಲ್ಲಿ ಹರಿಹರದಲ್ಲಿ ತಾಲ್ಲೂಕಿನ ಶಾಲೆಗಳ ಕೈಕೆಲಸದ ಪ್ರದರ್ಶನವಿತ್ತು. ಅಲ್ಲಿಗೆ ಇಂಥದ್ದೊಂದನ್ನು ಒಯ್ದರೆ ಉಳಿದ ಶಾಲೆಯವರ ಥರ್ಮೋಕೋಲ್ ಜ್ವಾಲಾಮುಖಿಗಳೆಲ್ಲ ಸಪ್ಪೆಯಾಗುತ್ತವೆ ಎಂದು ಅವತ್ತೇ ಮನಸ್ಸಿನಲ್ಲಿ ಮಂಡಿಗೆ ತಿಂದೆ.

ಮಕ್ಕಳು ಕುಣಿದಾಡಿದರು. ಮಂಡಕ್ಕಿ ಚೀಲಕ್ಕೆ ಹುಲ್ಲು ತುಂಬಿ ಮೈ ಮಾಡಿದೆವು. ಕಾಲಿಗೆ ಮೆಕ್ಕೆಜೋಳದ ಬೆಂಡು ಬಂತು, ನಾಲ್ಕಲ್ಲ, ಐದು. ಐದನೆಯದು ಯಾಕೆ ಎಂದರೆ ‘ಒಂದು ಕುಂಟಾದ್ರೆ ಬೇಕಲ್ರಿ ಮಿಸ್’ ಎಂದು ಅದನ್ನು ತಂದವಳ ಉತ್ತರ. ತಲೆಗೆ ತೆಂಗಿನ ಕರಟ, ಕಣ್ಣಿಗೆ ಬಾಟಲಿಯ ಮುಚ್ಚಳ, ಬಾಲಕ್ಕೆ ಸೈಕಲ್ಲಿನ ಬ್ರೇಕ್ ವೈರು, ಕಿವಿಗೆ ಹುಂಜದ ಪುಕ್ಕ. ಹೆಸರಿಡುವ ವಿಷಯದಲ್ಲಿ ಜಗಳ ಹತ್ತಿ ಇಬ್ಬರು ಅತ್ತದ್ದರಿಂದ ಹೆಸರೇ ಬೇಡ ಎಂದು ತೀರ್ಮಾನವಾಯಿತು. ಎಲ್ಲರೂ ಅದನ್ನು ‘ಅದು’ ಎಂದೇ ಕರೆಯುತ್ತಿದ್ದರು. ಶನಿವಾರ ಬಂದರೆ ಸಾಕು, ಕಾಲಿನ ಕಥೆ, ಬಾಲದ ಕಥೆ, ತರಗತಿಯೆಲ್ಲ ಗದ್ದಲ.

ಬಾಯಿ ಬಿಡದವಳು ಎಂದೆನಲ್ಲ, ಅವಳು ಎಲ್ಲರಿಗಿಂತ ಕಡೆಗೆ ತನ್ನ ಅಂಗ ತಂದಳು. ಎಂಟು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಯಾವಾಗಲೂ ಬಾಗಿಲ ಕಡೆ ನೋಡುವ ಕಣ್ಣು. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವ್ವನನ್ನು ನಾನು ನೋಡಿರಲಿಲ್ಲ. ಹುಡುಗಿ ತಂದದ್ದು ಒಂದು ಎಲೆಅಡಿಕೆ ಸಂಚಿ, ಬಣ್ಣಬಣ್ಣದ ಬಟ್ಟೆ ತುಂಡು ಸೇರಿಸಿ ಹೊಲಿದದ್ದು, ಬಾಯಿಗೆ ದಾರ ಪೋಣಿಸಿದ್ದು. ಭಾನುವಳ್ಳಿಯಲ್ಲಿರುವ ಅಮ್ಮಮ್ಮ, ಎಂದರೆ ಅವ್ವನ ತಾಯಿ, ಕೊಟ್ಟದ್ದಂತೆ.

‘ಇದು ಅದರ ಹೊಟ್ಟಿ’ ಎಂದಳು.

ಪ್ರಾಣಿಗೆ ಹೊಟ್ಟೆ ಬೇಕೆಂದು ಉಳಿದ ಹತ್ತು ಮಂದಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಮೊದಲ ಸಲ ನಕ್ಕದ್ದನ್ನು ನಾನು ನೋಡಿದೆ.

ಆಮೇಲೆ ಅವಳು ಶಾಲೆಗೆ ಬಂದ ಕೂಡಲೇ ಮೊದಲು ಆ ಪ್ರಾಣಿಯ ಹತ್ತಿರ ಹೋಗುತ್ತಿದ್ದಳು. ಕೆಲವು ದಿನ ಲಂಗದ ಜೇಬಿನಿಂದ ಏನನ್ನೋ ತೆಗೆದು ಸಂಚಿಯೊಳಗೆ ಇಟ್ಟು ದಾರ ಎಳೆದು ಬಿಗಿಯುತ್ತಿದ್ದಳು. ಒಮ್ಮೆ ಹಸಿರು ಬಳೆಯ ಚೂರು ಕಂಡೆ. ಮಕ್ಕಳು ಬಳೆ ಚೂರು ಕೂಡಿಡುವುದು ಹೊಸದೇನಲ್ಲ, ನಾನೂ ಚಿಕ್ಕವಳಿದ್ದಾಗ ಡಬ್ಬಿಗಟ್ಟಲೆ ಕೂಡಿಟ್ಟಿದ್ದೆ. ಇನ್ನೊಂದು ದಿನ ಒಂದು ಗುಂಡಿ. ಒಂದು ಸೋಮವಾರ ನೋಟ್‌ಬುಕ್ಕಿನ ಹಾಳೆಯ ಪೊಟ್ಟಣ ಇಡುತ್ತಿದ್ದಳು. ಏನೇ ಅದು ಎಂದು ಕೇಳಿದೆ.

‘ಹಲ್ರಿ ಮಿಸ್.’

ನನಗೆ ನಗು ಬಂತು. ಎಂಟು ವರ್ಷದ ಮಕ್ಕಳ ತರಗತಿಯಲ್ಲಿ ವಾರಕ್ಕೊಂದು ಹಲ್ಲು ಬೀಳುತ್ತಿರುತ್ತದೆ. ‘ಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೀಬೇಕು ಕಣೆ, ಹೊಟ್ಟೆಗೆ ಹಾಕಿದರೆ ಹೊಸಾದು ಹೆಂಗೆ ಹುಟ್ಟುತ್ತೆ?’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮಕ್ಕಳು ಕೊಳ್ಳನೆ ನಕ್ಕರು. ಅವಳು ನಗಲಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿಕೊಂಡು ದಾರ ಬಿಗಿದು ತನ್ನ ಜಾಗಕ್ಕೆ ಹೋಗಿ ಕೂತಳು. ಒಂದು ಸಲ ಬಾಯಿ ತೆರೆದು ತೋರಿಸು ಎಂದಿದ್ದರೆ ಸಾಕಿತ್ತು. ನಾನು ಹಾಜರಿ ಕರೆಯಲು ಶುರು ಮಾಡಿದೆ.

ಅದೇ ವಾರ ಅಜ್ಜಿ ಹಬ್ಬ. ನಮ್ಮ ಸೀಮೆಯಲ್ಲಿ ಆಷಾಢ ಬಂದರೆ ಮಕ್ಕಳಿಗೆ ದಡಾರ, ಅಮ್ಮ ಬರದಿರಲಿ ಎಂದು ಮನೆಯಲ್ಲಿ ಅರಿಶಿನ ಬಳಿದ ಪುಟ್ಟ ಅಜ್ಜಿಯನ್ನು ಮಾಡುತ್ತಾರೆ. ಹೋಳಿಗೆ ಎಡೆ ಇಟ್ಟು, ಮೊರದಲ್ಲಿ ಹೊತ್ತು, ಊರ ಗಡಿಯಾಚೆ ಬೇವಿನ ಮರದ ಕೆಳಗೆ ಬಿಟ್ಟು ಬರುತ್ತಾರೆ. ಬರುವಾಗ ತಿರುಗಿ ನೋಡುವಂತಿಲ್ಲ. ಮನೆಯೊಳಗಿನ ಬೇನೆಯೆಲ್ಲ ಅಜ್ಜಿಯ ಜೊತೆ ಹೋಯಿತು ಎಂದು ನಂಬಿಕೆ. ನನ್ನ ಅವ್ವ ಮಾಡುತ್ತಿದ್ದಳು, ಈಗ ಅತ್ತೆ ಮಾಡುತ್ತಾರೆ. ಮೊರ ಹೊತ್ತು ನಾನೂ ಹೋಗಿದ್ದೇನೆ. ಆದ್ದರಿಂದ ಹಬ್ಬದ ಸಂಜೆ ಹುಡುಗಿ ಆಡಿದ ಮಾತು ನನಗೆ ತಿಳಿಯಲಿಲ್ಲ ಎನ್ನಲು ಯಾವ ನೆಪವೂ ಇಲ್ಲ.

ಹಬ್ಬದ ದಿನ ಊಟದ ಬಿಡುವಿನಲ್ಲಿ ಹುಡುಗಿಯ ಅವ್ವ ನನಗೆಂದು ಹೋಳಿಗೆ ತಂದಳು. ಸಣ್ಣ ಪ್ರಾಯದ ಹೆಂಗಸು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಡಬ್ಬಿ ಕೊಟ್ಟು ‘ಹುಡುಗಿ ಬರೇ ನಿಮ್ಮ ಸುದ್ದೀನೇ ಹೇಳ್ತೈತ್ರಿ ಮೇಡಂ’ ಎಂದಳು. ಮಾತಾಡುವಷ್ಟು ಹೊತ್ತೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೇ ಇದ್ದಳು. ನಾಚಿಕೆ ಸ್ವಭಾವ, ಮಗಳೂ ಅವ್ವನ ಹಾಗೇ ಎಂದುಕೊಂಡೆ. ಕೂತು ಹೋಗಿ ಎಂದರೆ ‘ಅಡಿಗಿ ಆಗಿಲ್ರಿ, ಅವ್ರು ಬರೋ ಹೊತ್ತಾತು’ ಎಂದು ಹೊರಟಳು. ಹೋಳಿಗೆ ಬಹಳ ಮೆತ್ತಗಿತ್ತು. ಸ್ಟಾಫ್ ರೂಮಿನಲ್ಲಿ ಹಂಚಿಕೊಂಡು ತಿಂದೆವು.

ಅವತ್ತು ಸಂಜೆ ಬೀಗ ಹಾಕುವಾಗ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

‘ಮಿಸ್, ಅದನ್ನ ಯಾವಾಗ ಕಳಸ್ತೀರಿ?’

‘ಎಲ್ಲಿಗೆ?’

‘ಗಡಿ ಆಚಿಗೆ. ಇವತ್ತು ಎಲ್ಲರೂ ಕಳಸ್ಯಾರ. ಅದರ ಹೊಟ್ಟಿ ತುಂಬೈತ್ರಿ.’

‘ಹುಚ್ಚಿ’ ಎಂದೆ, ‘ಇದು ಅಜ್ಜಿಯಲ್ಲ, ನಮ್ಮ ಪ್ರಾಜೆಕ್ಟು. ಇದನ್ನ ಬಿಸಾಕಿದರೆ ಪ್ರದರ್ಶನಕ್ಕೆ ಏನು ಒಯ್ಯಲಿ?’

‘ಪ್ರದರ್ಶನ ಆದ ಮ್ಯಾಲೆ ಕಳಸ್ತೀರಾ?’

‘ನೋಡೋಣ’ ಎಂದೆ. ಮಕ್ಕಳಿಗೆ ಇಲ್ಲ ಎನ್ನಬೇಕಾದಾಗ ದೊಡ್ಡವರು ಆಡುವ ಮಾತು ಅದು. ಅವಳಿಗೂ ಗೊತ್ತಿತ್ತು ಎಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ. ನಾನು ಪ್ರಾಣಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಮಳೆಗಾಲ, ಇಲಿ ಕಾಟ ಎಂದು.

ಪ್ರದರ್ಶನಕ್ಕೆ ಒಂದು ವಾರವಿದ್ದಾಗ ಪ್ರತಿಯೊಬ್ಬರೂ ತಮ್ಮ ಅಂಗದ ಕಥೆಯನ್ನು ಒಂದೊಂದು ಹಾಳೆಯಲ್ಲಿ ಬರೆಯಬೇಕು, ಹನ್ನೊಂದನ್ನೂ ದೊಡ್ಡ ಚಾರ್ಟಿಗೆ ಅಂಟಿಸೋಣ ಎಂದೆ. ಮಕ್ಕಳ ಅಕ್ಷರದಲ್ಲೇ ಇರಲಿ ಎಂದು ತರಬೇತಿಯಲ್ಲಿ ಹೇಳಿದ್ದರಿಂದ ಕೈ ತುರಿಸಿದರೂ ತಡೆದುಕೊಂಡೆ. ಹುಡುಗಿ ಎರಡು ದಿನ ಬರೆದು ತಂದಳು. ಪೆನ್ಸಿಲ್ಲಿನಲ್ಲಿ ಬರೆದು, ಮೇಲೆ ಪೆನ್ನಿನಲ್ಲಿ ತಿದ್ದಿದ್ದಳು. ಆ ಸಾಲುಗಳು ನನಗೆ ಬಾಯಿಪಾಠವಾಗಿವೆ.

ಇದು ಹೊಟ್ಟೆ. ಇದಕ್ಕೆ ಹಲ್ಲು ಇಲ್ಲ. ಇದು ನುಂಗುತ್ತದೆ. ನಮ್ಮ ಅಪ್ಪ ಅವ್ವನಿಗೆ ಹೊಡೆದಾಗ ಬಿದ್ದದ್ದನ್ನು ನಾನು ಆರಿಸಿ ಇದಕ್ಕೆ ಕೊಡುತ್ತೇನೆ. ಹೊಟ್ಟೆ ತುಂಬಿದ ಮೇಲೆ ಇದು ಗಡಿ ದಾಟಿ ಹೋಗುತ್ತದೆ. ಆಮೇಲೆ ಹೊಡೆಯುವುದಿಲ್ಲ.

ಓದಿದೆ. ಓದಿದ ಮೇಲೆ ಏನೂ ಅರ್ಥವಾಗಲಿಲ್ಲ ಎಂದರೆ ಅದು ಸುಳ್ಳು. ಹಾಳೆಯನ್ನು ಇನ್ನೊಮ್ಮೆ ಓದಿದೆ. ಆದರೆ ಅದರ ಹಿಂದೆಯೇ ಬೇರೆ ಬೇರೆ ಯೋಚನೆಗಳು ಬಂದವು. ಪ್ರದರ್ಶನಕ್ಕೆ ಅಧಿಕಾರಿಗಳು ಬರುತ್ತಾರೆ, ಅಪ್ಪಂದಿರೂ ಬರುತ್ತಾರೆ, ನಾಳೆ ಆ ಮನುಷ್ಯ ಶಾಲೆಯ ಮುಂದೆ ಬಂದು ಕೂಗಾಡಿದರೆ? ಯಾರ ಮನೆಯಲ್ಲಿ ಗಂಡ ಹೆಂಡಿರ ಜಗಳವಿಲ್ಲ? ಹೊಟ್ಟೆಯ ಕಥೆ ಉಳಿದ ಹತ್ತಕ್ಕಿಂತ ಚೆನ್ನಾಗಿದೆ, ಒಂದು ಮಾತಿಗಾಗಿ ಅದನ್ನು ಬಿಡಲು ಮನಸ್ಸಿಲ್ಲ. ಡ್ರಾಯರಿನಿಂದ ವೈಟ್ನರ್ ತೆಗೆದೆ.

ಹುಡುಗಿ ಮೇಜಿನ ಪಕ್ಕದಲ್ಲೇ ನಿಂತಿದ್ದಳು. ‘ನಮ್ಮ ಅಪ್ಪ’ ಎಂಬ ಕಡೆ ಬಿಳಿ ಹಚ್ಚಿ, ಊದಿ ಒಣಗಿಸಿ, ‘ದುಷ್ಟ ರಾಕ್ಷಸ’ ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದೆ. ‘ಅವ್ವನಿಗೆ’ ಎಂದಿದ್ದ ಕಡೆ ‘ರಾಣಿಗೆ’ ಎಂದು ಬರೆದೆ.

‘ಕಥೆ ಅಂದಮೇಲೆ ಹಿಂಗಿದ್ದರೆ ಚೆಂದ’ ಎಂದು ಅವಳ ಕೆನ್ನೆ ತಟ್ಟಿದೆ. ‘ಅಲ್ಲಿ ಓದುವಾಗಲೂ ರಾಕ್ಷಸ ಅಂತಲೇ ಅನ್ನಬೇಕು, ಆಯ್ತಾ?’

ಅವಳು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ‘ಹೂನ್ರಿ ಮಿಸ್’ ಎಂದಳು.

ಪ್ರದರ್ಶನದಲ್ಲಿ ನಮ್ಮ ಪ್ರಾಣಿಗೆ ಮೊದಲ ಬಹುಮಾನ ಬಂತು. ಹುಡುಗಿ ಮೈಕಿನ ಮುಂದೆ ನಿಂತು ದುಷ್ಟ ರಾಕ್ಷಸ ರಾಣಿಗೆ ಹೊಡೆದ ಕಥೆಯನ್ನು ಒಂದೂ ತಪ್ಪಿಲ್ಲದೆ ಓದಿದಳು. ಜನ ಚಪ್ಪಾಳೆ ತಟ್ಟಿದರು. ಅವಳ ಅಪ್ಪ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದ. ಅಂಗಿಯಲ್ಲಿ ಒಂದು ಗುಂಡಿ ಇರಲಿಲ್ಲ, ಆ ಜಾಗಕ್ಕೆ ಪಿನ್ನು ಹಾಕಿದ್ದ. ನೋಡಲು ಸೌಮ್ಯ ಮನುಷ್ಯ, ನನಗೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಚಾರ್ಟಿನ ಮುಂದೆ ನಿಂತು ಬೆರಳಿಟ್ಟು ಓದಿ, ಮಗಳ ತಲೆ ಸವರಿದ.

‘ರಾಕ್ಷಸನ ಕಥಿ ಭಾಳ ಚೆಂದ ಬರದೈತ್ರಿ. ನಿಮ್ಮಿಂದ ಹುಡುಗಿ ಸುಧಾರಿಸ್ತು’ ಎಂದ.

ಆ ಕೈ ತಲೆಯ ಮೇಲಿರುವಷ್ಟು ಹೊತ್ತು ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಅವ್ವ ಬಂದಿಲ್ಲವೇ ಎಂದು ಕೇಳಿದೆ. ಮೈಗೆ ಹುಷಾರಿಲ್ಲ ಎಂದ. ಶೀಲ್ಡ್ ಹಿಡಿದುಕೊಂಡು ಎಲ್ಲರೂ ಫೋಟೋಕ್ಕೆ ನಿಂತೆವು. ಅಂದು ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ ಆ ಫೋಟೋ ತೋರಿಸಿದೆ.

ಪ್ರಾಣಿ ಮತ್ತೆ ಬೀರು ಸೇರಿತು, ಚಾರ್ಟು ತರಗತಿಯ ಗೋಡೆ ಸೇರಿತು. ಹುಡುಗಿ ಎರಡು ಸಲ ಬೀರುವಿನ ಹತ್ತಿರ ಬಂದು ನಿಂತದ್ದನ್ನು ನೋಡಿದೆ. ಬಹುಮಾನ ಬಂದದ್ದು, ಇನ್ನು ಜಿಲ್ಲಾ ಮಟ್ಟಕ್ಕೂ ಕೇಳಬಹುದು ಎಂದು ನಾನು ಬೀಗ ತೆಗೆಯಲಿಲ್ಲ.

ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ ಹುಡುಗಿ ಬರಲಿಲ್ಲ. ಅವಳ ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದಳು, ತಲೆಗೆ ಪೆಟ್ಟಾಯಿತು, ದಾವಣಗೆರೆಯ ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡಳು ಎಂದು ಉಳಿದ ಮಕ್ಕಳು ಹೇಳಿದರು. ಹೇಳುವಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಟೆಂಟು ವರ್ಷದ ಹತ್ತು ಮಕ್ಕಳಿಗೂ ಬಚ್ಚಲಿನ ಮಾತಿನಲ್ಲಿ ನಂಬಿಕೆಯಿರಲಿಲ್ಲ. ನಾನು ಕಪ್ಪು ಹಲಗೆಯ ಮೇಲೆ ದಿನಾಂಕ ಬರೆದೆ.

ಮರುವಾರ ಮಹಿಳಾ ಪೊಲೀಸ್ ಒಬ್ಬರು ಶಾಲೆಗೆ ಬಂದರು. ಸತ್ತವಳ ತವರಿನವರು ಅನುಮಾನ ಹೇಳಿದ್ದರಂತೆ. ಅವರು ಕೂತಿದ್ದ ನನ್ನ ತರಗತಿಯೊಳಗೆ ಹೋಗುವ ಮುನ್ನ ಹೆಡ್ ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು ‘ಗೊತ್ತಿದ್ದಷ್ಟು ಹೇಳ್ರಿ, ಗೊತ್ತಿಲ್ಲದ್ದು ಬ್ಯಾಡ’ ಎಂದರು. ಅದರಲ್ಲಿ ತಪ್ಪೇನಿಲ್ಲ. ತಪ್ಪೆಲ್ಲ ನಾನು ಅದನ್ನು ಕೇಳಿಸಿಕೊಂಡ ರೀತಿಯಲ್ಲಿತ್ತು.

‘ಹುಡುಗಿ ಮನಿ ವಿಷಯ ಏನಾದ್ರೂ ನಿಮ್ಮ ಮುಂದೆ ಹೇಳಿತ್ತಾ ಮೇಡಂ? ಅಪ್ಪನ ವಿಷಯ?’ ಎಂದು ಆಕೆ ಕೇಳಿದರು.

ಅವರ ತಲೆಯ ಹಿಂದಿನ ಗೋಡೆಯಲ್ಲಿ ಚಾರ್ಟು ತೂಗುತ್ತಿತ್ತು. ವೈಟ್ನರ್ ಹಚ್ಚಿದ ಸಾಲು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ತಿದ್ದಿದ್ದೀರಿ ಅಂದರೆ ನಿಮಗೆ ಗೊತ್ತಿತ್ತು ಎಂದು ಕೇಳುತ್ತಾರೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾರೆ. ನನಗೆ ಹೆದರಿಕೆಯಾಯಿತು.

‘ಇಲ್ಲ. ಅವಳು ಮಾತೇ ಕಮ್ಮಿ. ಅಪ್ಪನ ವಿಷಯ ಏನೂ ಹೇಳಿಲ್ಲ’ ಎಂದೆ.

ಬರೆದುಕೊಂಡು ಹೋದರು. ನನ್ನ ಸಹಿ ಕೂಡ ಕೇಳಿದರು. ದುಂಡಗೆ ಹಾಕಿದೆ.

ನವೆಂಬರಿನಲ್ಲಿ ಅಮ್ಮಮ್ಮ ಹುಡುಗಿಯನ್ನು ಕರೆದುಕೊಂಡು ಭಾನುವಳ್ಳಿಯಿಂದ ಬಂದರು. ಹುಡುಗಿ ಇನ್ನು ಅಲ್ಲೇ ಓದುತ್ತಾಳೆ, ಟಿ.ಸಿ. ಬೇಕಿತ್ತು. ಎರಡು ಜಡೆಯ ಬದಲು ತಲೆ ಬೋಳಿಸಿದ್ದರು, ಹೇನಾಗಿದ್ದವಂತೆ. ಹೆಡ್ ಮಾಸ್ಟರು ಕಾಗದ ಸಿದ್ಧ ಮಾಡುವವರೆಗೆ ನನ್ನ ತರಗತಿಯಲ್ಲಿ ಕೂತರು. ಉಳಿದ ಮಕ್ಕಳು ಆಟಕ್ಕೆ ಹೋಗಿದ್ದರು. ನಾನು ಬೀರು ತೆಗೆದು ಪ್ರಾಣಿಯನ್ನು ಮೇಜಿನ ಮೇಲಿಟ್ಟೆ. ‘ತಗೊಂಡು ಹೋಗಮ್ಮ, ನಿಂದೇ ಇದು’ ಎಂದೆ. ದಾನ ಕೊಡುವವಳ ಧಾಟಿಯಲ್ಲಿ ಹೇಳಿದೆ ಎಂದು ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

‘ಕಾಲು, ಬಾಲ ಎಲ್ಲ ಅವರವ್ರಿ. ಹೊಟ್ಟಿ ಒಂದೇ ನಂದು’ ಎಂದು ಹುಡುಗಿ ಸಂಚಿಯನ್ನು ಮಾತ್ರ ಬಿಚ್ಚಿಕೊಂಡಳು. ಉಳಿದದ್ದನ್ನು ಬೀಳದ ಹಾಗೆ ಗೋಡೆಗೆ ಒರಗಿಸಿದಳು.

ಅಮ್ಮಮ್ಮ ಸಂಚಿಯನ್ನು ಗುರುತು ಹಿಡಿದು ತೊಡೆಯ ಮೇಲಿಟ್ಟುಕೊಂಡು ದಾರ ಸಡಿಲಿಸಿದರು. ಹಸಿರು ಬಳೆಯ ಚೂರುಗಳು ಒಂದು ಹಿಡಿಯಷ್ಟಿದ್ದವು. ನೀಲಿ ಗುಂಡಿಯೊಂದು ಹರಿದ ಬಟ್ಟೆಯ ಸಮೇತ. ಒಂದು ಗಂಟಿನಷ್ಟು ಉದ್ದನೆಯ ಕೂದಲು, ಬುಡ ಸಮೇತ ಬಂದದ್ದು. ಕಡೆಗೆ ಆ ಹಾಳೆಯ ಪೊಟ್ಟಣ. ಅದರಲ್ಲಿದ್ದದ್ದು ಹಾಲುಹಲ್ಲಲ್ಲ. ಉದ್ದನೆಯ ಬೇರಿದ್ದ, ಎಲೆಅಡಿಕೆಯ ಕಲೆ ಕೂತ, ದೊಡ್ಡವರ ಮುಂದಿನ ಹಲ್ಲು. ಬಾಯಿಗೆ ಸೆರಗು ಹಿಡಿದು ಹೋಳಿಗೆ ಡಬ್ಬಿ ಕೊಟ್ಟವಳು ನನ್ನ ಕಣ್ಣ ಮುಂದೆ ನಿಂತಳು.

ಅಮ್ಮಮ್ಮ ಅಳಲಿಲ್ಲ. ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು. ‘ಪೊಲೀಸ್ನೋರು ಬಂದು ಕೇಳಿದ್ರಂತಲ್ರಿ. ಹುಡುಗಿ ನಿಮ್ಮ ಮುಂದೆ ಏನೂ ಹೇಳಿಲ್ಲ ಅಂದ್ರಂತೆ. ಹೌದೇನ್ರಿ?’

ನಾನು ಬಾಯಿ ಬಿಡುವ ಮೊದಲೇ ಹುಡುಗಿ ಹೇಳಿದಳು. ದೂರು ಹೇಳುವ ದನಿಯಲ್ಲ. ಅಮ್ಮಮ್ಮನಿಗೆ ಗೊತ್ತಿಲ್ಲದ್ದನ್ನು ತಿಳಿಸುವ ದನಿ.

‘ಬರದು ಕೊಟ್ಟಿದ್ದೆ ಅಮ್ಮಮ್ಮ. ಮಿಸ್ ಅದ್ರ ಮ್ಯಾಲೆ ಬಿಳೇದು ಹಚ್ಚಿದ್ರು.’

ಚಾರ್ಟನ್ನು ಗೋಡೆಯಿಂದ ಇಳಿಸಿ ತಂದೆ. ಆ ಹಾಳೆಯ ಮೇಲಿನ ವೈಟ್ನರನ್ನು ಉಗುರಿನಿಂದ ಕೆರೆದೆ. ಅದು ಹೊಪ್ಪಳೆ ಹೊಪ್ಪಳೆಯಾಗಿ ಎದ್ದು ಬಂತು. ಕೆಳಗೆ ಪೆನ್ಸಿಲ್ಲಿನ ಮೇಲೆ ಪೆನ್ನಿನಲ್ಲಿ ತಿದ್ದಿದ ಸೊಟ್ಟ ಅಕ್ಷರಗಳು ಹಾಗೇ ಇದ್ದವು. ಅಮ್ಮಮ್ಮನಿಗೆ ಓದಲು ಬರುತ್ತಿರಲಿಲ್ಲ. ಹುಡುಗಿ ಬೆರಳಿಟ್ಟು ಓದಿ ಹೇಳಿದಳು, ರಾಕ್ಷಸ ಎನ್ನದೆ.

‘ಸಂಚಿ ನನ್ನ ಹತ್ರ ಬಿಟ್ಟು ಹೋಗ್ತೀರಾ? ಠಾಣೆಗೆ ಕೊಡ್ತೀನಿ’ ಎಂದು ಕೇಳಿದೆ.

‘ಆವತ್ತು ಯಾಕ ಕೊಡಲಿಲ್ರಿ?’ ಎಂದರು ಅಮ್ಮಮ್ಮ.

ಆಮೇಲೆ ಅವರೇ ಬಳೆ, ಗುಂಡಿ, ಕೂದಲು, ಹಲ್ಲು ಒಂದೊಂದನ್ನೇ ಮತ್ತೆ ಸಂಚಿಗೆ ಹಾಕಿ ದಾರ ಬಿಗಿದು ಕೊಟ್ಟರು. ಟಿ.ಸಿ. ಬಂತು. ಇಬ್ಬರೂ ಬಸ್ಸಿಗೆ ಹೊರಟರು. ಗೇಟು ದಾಟುವವರೆಗೆ ಹುಡುಗಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮರುದಿನ ರಜೆ ಹಾಕಿ, ಸಂಚಿಯನ್ನೂ ಚಾರ್ಟಿನಿಂದ ಬಿಡಿಸಿದ ಆ ಹಾಳೆಯನ್ನೂ ಹಿಡಿದು ಹರಿಹರದ ಠಾಣೆಗೆ ಹೋದೆ. ಅವತ್ತು ಬಂದಿದ್ದ ಮಹಿಳಾ ಪೊಲೀಸೇ ಇದ್ದರು. ಸಂಚಿಯಲ್ಲಿದ್ದದ್ದನ್ನು ಒಂದು ಬಿಳಿ ಬಟ್ಟೆಯ ಮೇಲೆ ಹರವಿ ಪಟ್ಟಿ ಮಾಡಿದರು. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಿಳಿ ಪೂರ್ತಿ ಹೋಗಿರಲಿಲ್ಲ, ಅಪ್ಪನ ಮೇಲೆ ರಾಕ್ಷಸ ಅರ್ಧ ಉಳಿದುಕೊಂಡಿದ್ದ.

‘ಕೆಳಗಿಂದು ಹುಡುಗೀದು. ಈ ಮ್ಯಾಲಿನ ಅಕ್ಷರ ಯಾರ್ದ್ರಿ ಮೇಡಂ?’ ಎಂದು ಕೇಳಿದರು. ‘ಇಷ್ಟು ದುಂಡಗೈತೆ.’

ನಂದು ಎಂದೆ. ಅವರು ಅದನ್ನು ಬರೆದುಕೊಂಡರು.